ಮಹಾಪ್ರಾಣವಿಲ್ಲದ ಪತ್ರ

ಮೇಷ್ಟ್ರ ಕೆಂಪು ಶಾಯಿ ಬಿದ್ದ ಪ್ರತಿಯೊಂದು ಕಾಗದವೂ ಪತ್ರಾಗಾರದ ಸ್ವತ್ತು. ಇದರಲ್ಲಿ ಯಾರಿಗೂ ತಕರಾರಿಲ್ಲ. ಈ ನಿಯಮವನ್ನು ಪತ್ರಾಗಾರದ ಹೆಬ್ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸಲಾಗಿದೆ. ಬರೆದವನು 'ಸ್ವತ್ತು' ಎಂಬಲ್ಲಿ ತಕಾರದ ಒತ್ತನ್ನು ಮರೆತಿದ್ದ. ಮೇಷ್ಟ್ರು ಅದನ್ನು ಕೆಂಪಿನಲ್ಲಿ ತಿದ್ದಿದರು. ಹಾಗಾಗಿ ಈಗ ಆ ಗೋಡೆಯೂ ಸಂಗ್ರಹಕ್ಕೆ ಸೇರಿದ್ದು, ಅದಕ್ಕೆ ಒರಗಿ ನಿಲ್ಲುವುದನ್ನು ನಿಷೇಧಿಸಲಾಗಿದೆ.

ಸಂಗ್ರಹದ ಹಿನ್ನೆಲೆ ಸರಳವಾದದ್ದು. ಪತ್ರಾಗಾರದಲ್ಲಿ 'ಸಾಮಾನ್ಯ ಕುಟುಂಬಗಳ ಖಾಸಗಿ ಕಾಗದಪತ್ರಗಳ ವಿಭಾಗ' ಎಂಬ ಹೊಸ ವಿಭಾಗ ಶುರುವಾಯಿತು. ಕಟ್ಟಡ ಎದ್ದಿತು, ಗಾಜಿನ ಬೀರುಗಳು ಬಂದವು, ತೇವ ಅಳೆಯುವ ಯಂತ್ರ ಬಂತು, ಯಂತ್ರವನ್ನು ನೋಡಿಕೊಳ್ಳಲು ಒಬ್ಬರು, ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬಂದರು. ಕಾಗದಗಳು ಮಾತ್ರ ಬಂದಿರಲಿಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಾಗ ಉತ್ತರಿಸಿದವರು ನಿವೃತ್ತ ಶಾಲಾ ಮೇಷ್ಟ್ರೊಬ್ಬರೇ. ಅವರು ಪ್ರಕಟಣೆಯನ್ನೇ ಕತ್ತರಿಸಿ, ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, 'ಉದ್ದೇಶ ಒಳ್ಳೆಯದು, ವಾಕ್ಯರಚನೆ ಸಡಿಲ' ಎಂದು ಕೆಳಗೆ ಬರೆದು, ತಮ್ಮ ಮನೆಯ ಮಂಚದ ಕೆಳಗೆ ತಗಡಿನ ಪೆಟ್ಟಿಗೆಗಳಿವೆ ಎಂದು ತಿಳಿಸಿದ್ದರು.

ಮೇಷ್ಟ್ರ ಹೆಂಡತಿಯನ್ನು ಬೀದಿಯವರೆಲ್ಲ ಮೇಷ್ಟ್ರಮ್ಮ ಎನ್ನುತ್ತಾರೆ. ಪೆಟ್ಟಿಗೆಗಳು ಹೋದ ದಿನ ಆಕೆ ಮಂಚದ ಕೆಳಗೆ ಪೊರಕೆ ಆಡಿಸಿ, "ಅಂತೂ ಪೀಡೆ ತೊಲಗ್ತು" ಎಂದು ನೆಮ್ಮದಿಯಿಂದ ಕೂತರು. ಆ ಮನೆಯಲ್ಲಿ ಬಾಯಿಮಾತಿಗೆ ಬೆಲೆ ಇರಲಿಲ್ಲ. ಮಗಳು ಚಿಕ್ಕವಳಿದ್ದಾಗ ಆಟಕ್ಕೆ ಹೋಗಬೇಕೆಂದರೆ 'ಮಾನ್ಯ ತಂದೆಯವರಿಗೆ' ಎಂದು ಶುರುಮಾಡಿ ರಜಾ ಅರ್ಜಿ ಬರೆಯಬೇಕಿತ್ತು. ಮೇಷ್ಟ್ರು ಅದನ್ನು ತಿದ್ದಿ, 'ಮಂಜೂರಾಗಿದೆ. ತಪ್ಪಾದ ಪದಗಳನ್ನು ಹತ್ತು ಸಲ ಬರೆದು ಹೋಗತಕ್ಕದ್ದು' ಎಂದು ಆದೇಶಿಸುತ್ತಿದ್ದರು. ಬರೆದು ಮುಗಿಯುವ ಹೊತ್ತಿಗೆ ಕತ್ತಲಾಗಿ, ಆಟಕ್ಕೆ ಬಂದ ಮಕ್ಕಳೆಲ್ಲ ಮನೆಗೆ ಹೋಗಿರುತ್ತಿದ್ದರು. ಮಗಳ ಅಕ್ಷರ ಇವತ್ತಿಗೂ ಮುತ್ತಿನಂತಿದೆ. ಓಡಲು ಮಾತ್ರ ಬರುವುದಿಲ್ಲ.

ಪೆಟ್ಟಿಗೆಗಳನ್ನು ತೆರೆದಾಗ ಪತ್ರಾಗಾರದ ನಿರ್ದೇಶಕರಿಗೆ ಒಂದು ತಾತ್ವಿಕ ಪ್ರಶ್ನೆ ಎದುರಾಯಿತು. ಯಾವುದು ದಾಖಲೆ, ಯಾವುದು ಕಸ? ಗಡಿ ಇಲ್ಲದ ಸಂಗ್ರಹ ಸಂಗ್ರಹವೇ ಅಲ್ಲ ಎಂದು ಅವರು ಸಭೆ ಕರೆದು ಹೇಳಿದರು. ಆಗ ಹೊರಬಂದದ್ದೇ ಕೆಂಪು ಶಾಯಿಯ ನಿಯಮ. ಕೆಂಪು ಬಿದ್ದದ್ದು ದಾಖಲೆ, ಬೀಳದ್ದು ಕಸ. ಅದರಂತೆ ಮಗಳ ಜನನ ಪ್ರಮಾಣಪತ್ರವನ್ನು ಕಸವೆಂದು ಮನೆಗೆ ಹಿಂತಿರುಗಿಸಲಾಯಿತು. ಕೆಮ್ಮಿನ ಔಷಧಿಯ ಡಬ್ಬಿಯೊಳಗಿನ ಸೂಚನೆಯ ಹಾಳೆಯಲ್ಲಿ ಮೇಷ್ಟ್ರು 'ಚಮಚಾ' ಎಂಬುದರ ದೀರ್ಘ ತೆಗೆದಿದ್ದರಿಂದ ಅದನ್ನು ಗಾಜಿನ ಬೀರುವಿನಲ್ಲಿ ಇಡಲಾಯಿತು.

ಇಷ್ಟರವರೆಗೆ ಮೇಷ್ಟ್ರಮ್ಮನಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಬಂದದ್ದು ಪ್ರದರ್ಶನದ ಆಹ್ವಾನ ಪತ್ರಿಕೆಯ ರೂಪದಲ್ಲಿ. ಅದರ ಮುಖಪುಟದಲ್ಲಿ ಹಳೆಯ ಪತ್ರವೊಂದರ ಚಿತ್ರವಿತ್ತು. ನೋಡಿದ ಕೂಡಲೇ ಅವರು ಅದನ್ನು ಬೋರಲು ಹಾಕಿಟ್ಟರು.

ಅದು ಅವರೇ ಬರೆದ ಪತ್ರ. ಮದುವೆಯಾದ ಹೊಸತರಲ್ಲಿ ಮೇಷ್ಟ್ರನ್ನು ದೂರದ ಊರಿನ ಶಾಲೆಗೆ ಹಾಕಿದ್ದರು. ಅಲ್ಲಿ ಮನೆ ಸಿಗದೆ ಹೆಂಡತಿಯನ್ನು ತವರಲ್ಲೇ ಬಿಟ್ಟಿದ್ದರು. ಗಂಡನಿಗೆ ಕಾಗದ ಬರೆಯುವುದು ಹೇಗೆಂದು ಅಕ್ಕ ಹೇಳಿಕೊಟ್ಟಿದ್ದಳು. ಮೊದಲು 'ಪ್ರಾಣನಾಥ' ಅನ್ನಬೇಕು, ಆಮೇಲೆ ಉಳಿದದ್ದೆಲ್ಲ. ಅಕ್ಕನಿಗೆ ಮಹಾಪ್ರಾಣ ಬರುತ್ತಿರಲಿಲ್ಲ, ತಂಗಿಗೂ ಬರುತ್ತಿರಲಿಲ್ಲ. ಅಕ್ಕನ ಬಾಯಲ್ಲಿ ಬಂದದ್ದು ತಂಗಿಯ ಕೈಯಲ್ಲಿ 'ಪ್ರಾಣನಾತ' ಎಂದು ಇಳಿಯಿತು. ಪತ್ರದಲ್ಲಿ ಪ್ರಾಣವಿತ್ತು, ಮಹಾಪ್ರಾಣವಿರಲಿಲ್ಲ.

ಉಳಿದ ತಪ್ಪುಗಳನ್ನು ತಿದ್ದಿ ಓದಿದರೆ ಪತ್ರ ಹೀಗಿತ್ತು: 'ಪ್ರಾಣನಾತನಿಗೆ ನಮಸ್ಕಾರಗಳು. ನೀವು ಹೋದ ಮೇಲೂ ಮನೆ ತುಂಬ ನೀವೇ ಇದ್ದೀರಿ. ಕಿಟಕಿ ಬಾಗಿಲು ತೆಗೆದಿಟ್ಟರೂ ಹೋಗುತ್ತಿಲ್ಲ. ಅಮ್ಮನೂ ಅದನ್ನೇ ಹೇಳುತ್ತಾಳೆ.'

ಉಳಿದ ತಪ್ಪುಗಳನ್ನೆಲ್ಲ ಮೇಷ್ಟ್ರು ಕೆಂಪಿನಲ್ಲಿ ತಿದ್ದಿ, ಹತ್ತಕ್ಕೆ ನಾಲ್ಕು ಕೊಟ್ಟು, 'ಒತ್ತಕ್ಷರದ ಕಡೆ ಗಮನವಿರಲಿ' ಎಂದು ಬರೆದು ವಾಪಸು ಕಳಿಸಿದ್ದರು. 'ಪ್ರಾಣನಾತ'ಕ್ಕೆ ಮಾತ್ರ ಗುರುತು ಬಿದ್ದಿರಲಿಲ್ಲ. ಮೇಷ್ಟ್ರೇ ಮುಟ್ಟಿಲ್ಲ ಅಂದಮೇಲೆ ಸರಿಯೇ ಇರಬೇಕು, ಮೂಗು ಮುಚ್ಚಿಕೊಳ್ಳುವ ನಾತ ಬೇರೆ, ಕಾಗದದಲ್ಲಿ ಬರೆಯುವ ನಾತ ಬೇರೆ ಅಂದುಕೊಂಡು ಆಕೆ ವರ್ಷವಿಡೀ ಹಾಗೇ ಬರೆದರು. ಸಂಸಾರ ಒಂದುಗೂಡಿ, ಪರೀಕ್ಷೆಯ ಕಾಲದಲ್ಲಿ ಗಂಡನ ಪಕ್ಕ ಕೂತು ಮಕ್ಕಳ ಉತ್ತರಪತ್ರಿಕೆ ಜೋಡಿಸುತ್ತ ಜೋಡಿಸುತ್ತ ಅಕ್ಷರ ತಿದ್ದಿಕೊಂಡ ಮೇಲೆ, ಒಂದು ಮಧ್ಯಾಹ್ನ ತಟ್ಟನೆ ಅರ್ಥವಾಯಿತು. ಅವತ್ತು ಅವರಿಗೆ ಊಟ ಸೇರಲಿಲ್ಲ. ಗಂಡ ಆ ಮಾತು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ನಾಚಿಕೆ ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ತೆಪ್ಪಗೆ ಮಲಗಿತ್ತು. ಪೀಡೆ ತೊಲಗಲಿ ಎನ್ನುವ ಆತುರದಲ್ಲಿ ಅದನ್ನು ಅವರೇ ಗಾಡಿಗೆ ಹತ್ತಿಸಿ ಕಳಿಸಿದ್ದರು.

"ಅದೊಂದು ಕಾಗದ ವಾಪಸ್ ಕೊಟ್ಬಿಡಿ, ಉಳಿದದ್ದೆಲ್ಲ ನೀವೇ ಇಟ್ಕೊಳ್ಳಿ" ಎಂದು ಮೇಷ್ಟ್ರಮ್ಮ ಮಗಳನ್ನು ಕರೆದುಕೊಂಡು ಪತ್ರಾಗಾರಕ್ಕೆ ಹೋಗಿ ಕೇಳಿದರು.

ಸಂಗ್ರಹದ ಗುಮಾಸ್ತನಿಗೆ ಗೋಂದಣ್ಣ ಎಂದು ಹೆಸರು. ಹರಿದದ್ದನ್ನೆಲ್ಲ ಅಂಟಿಸುವುದು ಅವನ ಕೆಲಸ. ಹರಿಯದಿದ್ದದ್ದನ್ನೂ ಮುಂಜಾಗ್ರತೆಯಾಗಿ ಅಂಟಿಸಿಡುತ್ತಾನೆ.

"ಒಂದು ಅರ್ಜಿ ಬರೆದುಕೊಡಿ ಅಮ್ಮ. ಕಾಗದ ಕೊಟ್ಟವರು ಮೇಷ್ಟ್ರಲ್ವಾ, ಕೆಳಗೆ ಅವರದ್ದೊಂದು ರುಜು ಇದ್ರೆ ಆಯ್ತು. ಅಷ್ಟೇ, ಸುಲಭ" ಎಂದ ಅವನು.

ಮೇಷ್ಟ್ರಮ್ಮ ಅರ್ಜಿ ಬರೆದರು. ಯಾವ ಪತ್ರ, ಏಕೆ ಬೇಕು ಎಂದು ಬರೆಯದೆ 'ಸದರಿ ಪತ್ರ' ಎಂದು ಜಾಣತನದಿಂದ ಬರೆದರು. ಮೇಷ್ಟ್ರು ಓದಿ, 'ಹಿಂತಿರುಗಿ ವಾಪಸು ಕೊಡಬೇಕಾಗಿ' ಎಂಬಲ್ಲಿ ಒಂದೇ ಅರ್ಥದ ಎರಡು ಪದಗಳಿವೆಯೆಂದು ಒಂದನ್ನು ಹೊಡೆದುಹಾಕಿ ರುಜು ಮಾಡಿದರು. ಏಕೆ, ಏನು ಎಂದು ಕೇಳಲಿಲ್ಲ. ವ್ಯಾಕರಣ ಸರಿಯಿದ್ದರೆ ಅವರು ವಿಷಯಕ್ಕೆ ತಲೆ ಹಾಕುವವರಲ್ಲ.

ಗೋಂದಣ್ಣ ಅರ್ಜಿ ನೋಡಿ ಎದ್ದು ನಿಂತ. "ಕೆಂಪು ಬಿದ್ದಿದೆ!" ಎಂದು ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದ. ವಾಪಸು ಬಂದವನು, "ಅಭಿನಂದನೆಗಳು ಅಮ್ಮ. ನಿಮ್ಮ ಅರ್ಜಿ ಸಂಗ್ರಹಕ್ಕೆ ಸೇರ್ತು" ಎಂದ.

"ಸೇರ್ಲಿ. ನನ್ನ ಕಾಗದ?"

"ಅದಕ್ಕೆ ಅರ್ಜಿ ಬೇಕಲ್ಲಮ್ಮ."

"ಈಗ ಕೊಟ್ಟಿದ್ದೇನು ಮತ್ತೆ?"

"ಅದು ಅರ್ಜಿ ಅಲ್ಲ, ದಾಖಲೆ. ದಾಖಲೆ ಮೇಲೆ ಕ್ರಮ ತಗೊಳ್ಳೋಕೆ ಬರಲ್ಲ. ಹಾಳಾಗತ್ತೆ."

ಎರಡನೆಯ ಅರ್ಜಿಯನ್ನು ಅವರು ಉಸಿರು ಬಿಗಿಹಿಡಿದು, ಒಂದೂ ತಪ್ಪಿಲ್ಲದಂತೆ ಬರೆದರು. ಮೇಷ್ಟ್ರು ಎರಡು ಸಲ ಓದಿದರು. ತಪ್ಪು ಸಿಗಲಿಲ್ಲ. ಸಂತೋಷದಿಂದ ಕೆಳಗೆ ಉದ್ದಕ್ಕೆ 'ಸರಿ' ಗುರುತು ಎಳೆದು, 'ಉತ್ತಮ ಪ್ರಗತಿ' ಎಂದು ಬರೆದರು. ಕೆಂಪಿನಲ್ಲಿ.

ಮೂರನೆಯ ಸಲ ಮೇಷ್ಟ್ರಮ್ಮ ಕೆಂಪು ಪೆನ್ನನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟರು. ಮೇಷ್ಟ್ರು ಮನೆಯೆಲ್ಲ ತಡಕಿ, ಒಂದು ಗಳಿಗೆ ಅನಾಥರಂತೆ ನಿಂತು, ಕೊನೆಗೆ ನೀಲಿಯಲ್ಲೇ ರುಜು ಹಾಕಿದರು. ಗೋಂದಣ್ಣ ಅದನ್ನು ಮಾದರಿ ರುಜುವಿನ ಪಕ್ಕ ಇಟ್ಟು ನೋಡಿ ತಲೆಯಾಡಿಸಿದ. "ಮಾದರಿ ಕೆಂಪಲ್ಲಿದೆ, ಇದು ನೀಲಿ. ಹೊಂದಿಕೆ ಆಗಲ್ಲ."

"ಅಪ್ಪನ ರುಜುವೇ ಕಣ್ರೀ ಇದು. ನನ್ನೆದುರಿಗೇ ಹಾಕಿದ್ದು!" ಎಂದಳು ಮಗಳು.

"ಇರಬಹುದು. ಆದ್ರೆ ಅದು ನಿಮ್ಮ ಅಭಿಪ್ರಾಯ."

ವಿಷಯ ನಿರ್ದೇಶಕರ ಕೊಠಡಿಗೆ ಹೋಯಿತು. ನಿರ್ದೇಶಕರು ಮೃದು ಮಾತಿನವರು. ಬಂದವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ನಿಯಮ ಕೊಟ್ಟರು. "ನೋಡಿ ತಾಯಿ, ಕೊಟ್ಟವರ ದಾರಿ ಮುಚ್ಚಿದ್ರೆ ಬರೆದವರ ದಾರಿ ಇದೆ. ಆ ಪತ್ರ ನೀವೇ ಬರೆದಿದ್ದು ಅಂತ ಸಾಬೀತಾದ್ರೆ ನಿಮ್ಮದು ನಿಮಗೆ. ನಮ್ಮಲ್ಲಿ ಕೈಬರಹ ತಜ್ಞರಿದ್ದಾರೆ."

ತಜ್ಞರು ಮೇಷ್ಟ್ರಮ್ಮನಿಗೆ ಖಾಲಿ ಹಾಳೆ ಕೊಟ್ಟು, ಪತ್ರವನ್ನು ತೋರಿಸದೆ, ಅದರ ವಾಕ್ಯಗಳನ್ನು ತಾವು ಓದಿ ಬರೆಸಿದರು. ಮೇಷ್ಟ್ರಮ್ಮ ಬರೆದರು. ತಜ್ಞರು ಮಸೂರ ಹಿಡಿದು ಬಹಳ ಹೊತ್ತು ನೋಡಿದರು.

"ಅಕ್ಷರ ಒಂದೇ ಥರ ಇದೆ" ಎಂದರು. ಮೇಷ್ಟ್ರಮ್ಮನ ಮುಖ ಅರಳಿತು. "ಆದ್ರೆ ಒಂದು ಮೂಲಭೂತ ವ್ಯತ್ಯಾಸ ಇದೆ. ಆ ಪತ್ರ ಬರೆದ ಮಹಿಳೆಗೆ ಮಹಾಪ್ರಾಣ ಬರಲ್ಲ. ನಿಮಗೆ ಬರತ್ತೆ. ಅಂದ್ಮೇಲೆ ನೀವು ಅವರಲ್ಲ."

"ಆಮೇಲೆ ಕಲಿತೆ ಕಣಪ್ಪಾ!"

"ಕಲಿತಿದ್ದಕ್ಕೆ ದಾಖಲೆ ಇದೆಯಾ?"

ಮೇಷ್ಟ್ರಮ್ಮ ಹಾಳೆ ಎಳೆದುಕೊಂಡು, "ತಗೊಳ್ಳಿ, ತಪ್ಪು ಬರೀತೀನಿ" ಎಂದು 'ಪ್ರಾಣನಾ' ಬರೆದು ನಿಂತರು. ಕೈ ಓಡಲಿಲ್ಲ. ಇಷ್ಟು ವರ್ಷ ಮೇಷ್ಟ್ರ ಜೊತೆ ಬಾಳಿದ ಕೈ ಅದು. ಹಲ್ಲು ಕಚ್ಚಿ 'ತ' ಬರೆದರು. ತಜ್ಞರು ಮಸೂರ ಕೆಳಗಿಟ್ಟರು. "ಇದು ಉದ್ದೇಶಪೂರ್ವಕ ತಪ್ಪು. ಅದು ಸಹಜ ತಪ್ಪು. ಸಹಜದಲ್ಲಿ ಒಂದು ಲಾಲಿತ್ಯ ಇರತ್ತೆ ಮೇಡಂ, ಅದು ನಿಮ್ಮಲ್ಲಿಲ್ಲ."

ಹೀಗೆ ಮೇಷ್ಟ್ರಮ್ಮ ಆ ಪತ್ರವನ್ನು ಬರೆದಿಲ್ಲವೆಂದು ಅಧಿಕೃತವಾಗಿ ತೀರ್ಮಾನವಾಯಿತು. ಪತ್ರದ ಕೆಳಗೆ ಹಚ್ಚಲು ಹೊಸ ಚೀಟಿ ಅಚ್ಚಾಯಿತು: 'ಮೇಷ್ಟ್ರಿಗೆ ಅಪರಿಚಿತ ಮಹಿಳೆಯೊಬ್ಬರು ಬರೆದ ಪ್ರೇಮಪತ್ರ.'

ಸುದ್ದಿ ಬೀದಿಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎದುರುಮನೆಯಾಕೆ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಕಾಂಪೌಂಡಿಗೆ ಒರಗಿ, "ನಾವೂ ಮೇಷ್ಟ್ರು ಅಂದ್ರೆ ಏನೋ ಅಂದ್ಕೊಂಡಿದ್ವಿ ರೀ. ಯಾರಂತೆ ಅವಳು?" ಎಂದು ಕೇಳಿದರು.

"ನಾನೇ ರೀ ಅವಳು!"

"ಹಾಗೇ ಅಂದ್ಕೊಳ್ಳಿ" ಎಂದರು ಎದುರುಮನೆಯಾಕೆ, ಕಣ್ಣಲ್ಲಿ ನೀರು ತಂದುಕೊಂಡು. "ಮನಸ್ಸಿಗೆ ಸಮಾಧಾನ ಇರತ್ತೆ. ದಿನಕ್ಕೆರಡು ಸಲ ಸ್ನಾನ ಮಾಡೋ ಗಂಡಸನ್ನ ನಾನು ಅವತ್ತೇ ನಂಬಿರ್ಲಿಲ್ಲ."

ಈ ಸ್ನಾನದ ವಿಷಯ ಬೀದಿಗೆಲ್ಲ ಗೊತ್ತಿದ್ದದ್ದೇ. ಚಳಿಯಿರಲಿ, ಜ್ವರವಿರಲಿ, ಮೇಷ್ಟ್ರು ಬೆಳಿಗ್ಗೆ ಒಂದು, ಸಂಜೆ ಒಂದು ಸ್ನಾನ ತಪ್ಪಿಸಿದವರಲ್ಲ. ಸಂಗ್ರಹದ ಪರಿಚಯ ಪುಸ್ತಿಕೆಯಲ್ಲೂ 'ಶಿಸ್ತು ಮತ್ತು ಶುಚಿತ್ವಕ್ಕೆ ಹೆಸರಾದವರು' ಎಂದು ಅಚ್ಚಾಗಿದೆ.

ಇದೇ ಹೊತ್ತಿಗೆ ಪತ್ರಾಗಾರದ ಸಿಬ್ಬಂದಿಗೆ ಕೆಂಪು ಶಾಯಿಯ ಇನ್ನೊಂದು ಉಪಯೋಗ ಹೊಳೆಯಿತು. ಗೋಂದಣ್ಣನಿಗೆ ಕುರ್ಚಿಯಲ್ಲಿ ಇರದಿದ್ದ ಬಗ್ಗೆ ಕಾರಣ ಕೇಳಿ ನೋಟೀಸು ಬಂದಿತ್ತು. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಮೇಷ್ಟ್ರ ಮನೆಗೆ ಬಂದು, "ಸ್ವಲ್ಪ ಕಣ್ಣಾಡಿಸಿ ಮೇಷ್ಟ್ರೇ" ಎಂದ. ಮೇಷ್ಟ್ರು 'ವಿವರಣೇ' ಎಂದಿದ್ದದ್ದನ್ನು 'ವಿವರಣೆ' ಮಾಡಿದರು. ನೋಟೀಸು ಕೂಡಲೇ ದಾಖಲೆಯಾಯಿತು. ದಾಖಲೆಗೆ ವಿವರಣೆ ಕೊಡುವ ಅಗತ್ಯವಿಲ್ಲ. ವಾರ ಕಳೆಯುವಷ್ಟರಲ್ಲಿ ಮೇಷ್ಟ್ರ ಮನೆಯ ಜಗುಲಿಯಲ್ಲಿ ಸಾಲು ನಿಂತಿತು. ಗೈರುಹಾಜರಿಯ ನೋಟೀಸು, ಎಚ್ಚರಿಕೆ ಪತ್ರ, ತನಿಖಾ ವರದಿ. ಮೇಷ್ಟ್ರಿಗೆ ಮತ್ತೆ ಶಾಲೆ ತೆರೆದಷ್ಟು ಸಂತೋಷ. ಮೇಷ್ಟ್ರಮ್ಮ ಎಲ್ಲರಿಗೂ ಕುಡಿಯಲು ಏನಾದರೂ ಕೊಟ್ಟು, ಕುಡಿದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: "ನನ್ನ ಕಾಗದ ಏನಾಯ್ತಪ್ಪಾ?"

ಒಂದು ಸಂಜೆ ನಿರ್ದೇಶಕರೇ ಹಣ್ಣಿನ ಚೀಲ ಹಿಡಿದು ಬಂದರು. ಅವರನ್ನು ಮೂಲೆಯ ಊರಿಗೆ ವರ್ಗ ಮಾಡಿದ್ದರು. ಮೇಷ್ಟ್ರು ಆದೇಶವನ್ನು ಆದಿಯಿಂದ ಅಂತ್ಯದವರೆಗೆ ಓದಿ, "ಚೆನ್ನಾಗಿದೆ. ಯಾರೋ ಓದಿಕೊಂಡವರು ಬರೆದಿದ್ದಾರೆ" ಎಂದರು.

ನಿರ್ದೇಶಕರು ಬಿಳಿಚಿಕೊಂಡರು. "ಒಂದಾದ್ರೂ ಇರತ್ತೆ, ನೋಡಿ ಮೇಷ್ಟ್ರೇ. ನನಗಾಗಿ."

ಮೇಷ್ಟ್ರು ಮತ್ತೊಮ್ಮೆ ಓದಿದರು. "ಇಲ್ಲಿ. ಕೊನೇ ವಾಕ್ಯಕ್ಕೆ ಪೂರ್ಣವಿರಾಮ ಇಲ್ಲ" ಎಂದು ಒಂದು ಕೆಂಪು ಚುಕ್ಕೆ ಇಟ್ಟರು. ವರ್ಗಾವಣೆಗೆ ಪೂರ್ಣವಿರಾಮ ಬಿತ್ತು.

ಆ ಸಂತೋಷದಲ್ಲಿ ಏನಾದರೂ ಆದೀತು ಎಂದು ಮೇಷ್ಟ್ರಮ್ಮ ಬಾಗಿಲಲ್ಲಿ ಅಡ್ಡ ನಿಂತು, "ಸ್ವಾಮಿ, ನನ್ನ ಕಾಗದ?" ಎಂದರು. ನಿರ್ದೇಶಕರು ನಿಜವಾಗಿಯೂ ಮರುಗಿದರು. "ತಾಯಿ, ನಿಮ್ಮದಾಗಿದ್ರೆ ಈಗಲೇ ಕೊಟ್ಬಿಡ್ತಿದ್ದೆ. ಆ ಹೆಣ್ಣುಮಗಳದ್ದು. ಆಕೆ ಬಂದು ಕೇಳಿದ್ರೆ ನಾವೇನು ಹೇಳೋದು?"

ಪ್ರದರ್ಶನ ನಿಗದಿಯಾದ ದಿನವೇ ಉದ್ಘಾಟನೆಯಾಯಿತು. ಉದ್ಘಾಟಕರು ದೀರ್ಘವಾಗಿ ಮಾತನಾಡಿ, 'ಪ್ರಾಣನಾತ' ಎಂಬುದು ಕಳೆದುಹೋದ ಪದವೆಂದೂ, ಪ್ರಾಣಕ್ಕೆ ಗಾಳಿಯೂ ಗಾಳಿಗೆ ವಾಸನೆಯೂ ಸಂಬಂಧಿಸಿದ್ದರಿಂದ ಅದರಲ್ಲಿ ಆಳವಾದ ಅರ್ಥವಿದೆಯೆಂದೂ ಹೇಳಿದರು. ಚಪ್ಪಾಳೆ ಬಿತ್ತು. ಮೂಲ ದಾಖಲೆಯ ಗೌರವಾರ್ಥ ಇನ್ನು ಮುಂದೆ ಪತ್ರಾಗಾರದ ವಿವಾಹಿತ ನೌಕರರು ಕುಟುಂಬದೊಡನೆ ಪತ್ರವ್ಯವಹಾರ ಮಾಡುವಾಗ ಇದೇ ರೂಪವನ್ನು ಬಳಸತಕ್ಕದ್ದೆಂದು ಸುತ್ತೋಲೆ ಓದಲಾಯಿತು.

ಜನ ಕರಗಿದ ಮೇಲೆ ಗಾಜಿನ ಮುಂದೆ ಗಂಡ ಹೆಂಡತಿ ಇಬ್ಬರೇ ಉಳಿದರು. ಮೇಷ್ಟ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಹೇಗೂ ಊರಿಗೇ ಗೊತ್ತಾಯಿತು, ಇನ್ನೇನು ಮುಚ್ಚಿಡುವುದಿದೆ ಅನ್ನಿಸಿತು.

"ರೀ. ಒಂದು ಕೇಳ್ತೀನಿ, ನಗಬಾರದು. ಎಲ್ಲಾ ತಿದ್ದಿದ್ದೀರ. ಇದೊಂದು ಯಾಕೆ ಬಿಟ್ರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅದು ತಪ್ಪಲ್ಲವಲ್ಲ."

"ತಪ್ಪಲ್ವಾ?"

"ಆ ಊರಲ್ಲಿ ನೀರಿರ್ಲಿಲ್ಲ. ನನ್ನ ಹತ್ರ ಇದ್ದಿದ್ದೇ ಎರಡು ಅಂಗಿ. ರಜಕ್ಕೆ ಬಂದಾಗ ಅದೇ ಅಂಗೀಲಿ ನಿಮ್ಮನೇಲಿ ಉಳ್ಕೊಂಡಿದ್ದೆ. ಕಿಟಕಿ ತೆಗೆದಿಟ್ರೂ ಹೋಗ್ತಿಲ್ಲ ಅಂತ ನೀನು ಬರೆದಿದ್ದೆ. ನಿಮ್ಮಮ್ಮನೂ ಅದನ್ನೇ ಹೇಳ್ತಾರೆ ಅಂತ ಬೇರೆ ಬರೆದಿದ್ದೆ. ಇದ್ದದ್ದನ್ನ ಇದ್ದ ಹಾಗೆ ಬರೆದವರಿಗೆ ತಪ್ಪು ಅಂತ ಹೇಗೆ ಹಾಕೋದು?"

ಮೇಷ್ಟ್ರಮ್ಮ ಗಂಡನ ಮುಖವನ್ನೇ ನೋಡಿದರು. "ಅಂದ್ರೆ… ಈ ದಿನಕ್ಕೆರಡು ಸಲ ಸ್ನಾನ…"

"ಮತ್ತೆ? ಶಿಸ್ತು ಅಂದ್ಕೊಂಡಿದ್ಯಾ?"

ಮೇಷ್ಟ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಕಾವಲಿನವನು 'ನಿಶ್ಶಬ್ದ' ಎಂಬ ಫಲಕವನ್ನು ಎರಡು ಸಲ ತೋರಿಸಿದ. "ನಾಥ ಅಂತ ಕಣ್ರೀ ಬರೆದಿದ್ದು! ನಾಥ! ನನಗೆ ಆ ಅಕ್ಷರ ಬರ್ತಿರ್ಲಿಲ್ಲ, ಅಷ್ಟೇ!"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ತಾಗುವಷ್ಟು ಬಾಗಿ, ಮೊದಲ ಸಲ ಓದುವವರಂತೆ ಆ ಪತ್ರವನ್ನು ಓದಿದರು. ನೀವು ಹೋದ ಮೇಲೂ ಮನೆ ತುಂಬ ನೀವೇ ಇದ್ದೀರಿ. ಕಿಟಕಿ ಬಾಗಿಲು ತೆಗೆದಿಟ್ಟರೂ ಹೋಗುತ್ತಿಲ್ಲ. ಅವರ ಕಿವಿಗಳು ಶಾಯಿಯ ಬಣ್ಣಕ್ಕೆ ತಿರುಗಿದವು.

"ಇದು… ಹಾಗಾ?" ಎಂದರು.

"ಹೂಂ" ಎಂದರು ಮೇಷ್ಟ್ರಮ್ಮ. "ಹಾಗೆ."

ಮೇಷ್ಟ್ರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. "ನಾಲ್ಕು ಕೊಟ್ಟಿದ್ದು ಕಮ್ಮಿಯಾಯ್ತು. ಈಗಲಾದ್ರೂ ತಿದ್ದಲಾ?"

"ಬೇಡ, ಇರ್ಲಿ ಬಿಡಿ" ಎಂದರು ಮೇಷ್ಟ್ರಮ್ಮ. "ತಿದ್ದಿದ್ರೆ ನೀವು ಸಂಜೆ ಸ್ನಾನ ನಿಲ್ಲಿಸ್ತೀರ."

ಈಗ ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತಿದೆ. ನಿರ್ದೇಶಕರು ಅದೇ ಕುರ್ಚಿಯಲ್ಲಿದ್ದಾರೆ. ಅಪರಿಚಿತ ಮಹಿಳೆಯ ಬಗ್ಗೆ ಮಾಹಿತಿಯಿದ್ದಲ್ಲಿ ತಿಳಿಸಬೇಕೆಂದು ಪತ್ರಾಗಾರದಿಂದ ಬಂದ ಕೋರಿಕೆಗೆ ಮೇಷ್ಟ್ರಮ್ಮ 'ಆಕೆ ಕ್ಷೇಮವಾಗಿದ್ದಾಳೆ' ಎಂದು ಉತ್ತರ ಬರೆದಿದ್ದು, ಅದನ್ನು ಕಡತಕ್ಕೆ ಸೇರಿಸಲಾಗಿದೆ. ಎದುರುಮನೆಯಾಕೆಯೂ ತಮ್ಮ ಗಂಡನನ್ನು ಹೊಸ ಪದದಿಂದ ಕರೆಯಲು ಶುರುಮಾಡಿದ್ದಾರೆ. ಆಕೆಯ ಗಂಡನಿಗೆ ಅದು ಗೌರವವೋ ದೂರೋ ಇನ್ನೂ ತಿಳಿದಿಲ್ಲ.

ಮೇಷ್ಟ್ರ ಮನೆಯಲ್ಲಿ ಆ ವಾರ ಕೆಂಪು ಬಿದ್ದ ಕಾಗದಗಳನ್ನು ಒಯ್ಯಲು ಗೋಂದಣ್ಣ ವಾರಕ್ಕೊಮ್ಮೆ ಚೀಲ ತರುತ್ತಾನೆ. ಮೊನ್ನೆ ಬಂದಾಗ ಬಚ್ಚಲುಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: 'ಪ್ರಾಣನಾತರೇ, ನೀರು ಕಾದಿದೆ.' ಗೋಂದಣ್ಣ ಅದನ್ನು ಮೆಲ್ಲಗೆ ಬಿಡಿಸಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಒಳಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳಿಸುತ್ತಿತ್ತು.

"ಮೇಷ್ಟ್ರು ಇದನ್ನ ನೋಡಿದ್ದಾರಾ ಅಮ್ಮ?"

"ಓ, ನೋಡಿದ್ದಾರೆ. ದಿನಾ ನೋಡ್ತಾರೆ."

"ಎಲ್ಲೂ ಕೆಂಪಿಲ್ಲವಲ್ಲ. ಹಾಗಿದ್ರೆ ಇದು ದಾಖಲೆಗೆ ಬರಲ್ಲಮ್ಮ. ಬರೀ ಮನೆ ಕಾಗದ."

"ಹೌದಪ್ಪಾ" ಎಂದರು ಮೇಷ್ಟ್ರಮ್ಮ. "ಬರೀ ಮನೆ ಕಾಗದ. ಬಿಚ್ಚಿದ್ದೀಯಲ್ಲ, ಹಾಗೇ ಅಂಟಿಸಿಡು."

ಗೋಂದಣ್ಣ ಜೇಬಿನಿಂದ ಗೋಂದು ತೆಗೆದು, ನಾಲ್ಕೂ ಮೂಲೆಗೆ ಸವರಿ, ಮತ್ತೆ ಕಿತ್ತುಬರದ ಹಾಗೆ ಅಂಟಿಸಿ ಹೋದ.